ಬೇಲಂ ಗುಹೆಯಲ್ಲಿ ದೀಪ ಆರಿದಾಗ

ಹೋದ ವರ್ಷ ಸಂಕ್ರಾಂತಿ ಕಳೆದ ವಾರ, ಶಿವಮೊಗ್ಗದ ದುರ್ಗಿಗುಡಿಯ ವಾಕಿಂಗ್ ಬಳಗವೊಂದು ಆಂಧ್ರದ ಬೇಲಂ ಗುಹೆಗೆ ಮಿನಿ ಬಸ್ಸಿನಲ್ಲಿ ಹೊರಟಿತ್ತು. ಎರಡು ಸೀಟು ಉಳಿದಿದ್ದವಂತೆ. "ಭದ್ರಾವತೀಲಿ ಒಬ್ಳೇ ಗೋಡೆ ನೋಡ್ಕೊಂಡು ಏನ್ ಮಾಡ್ತೀಯ ಮಾರಾಯ್ತಿ, ಹೋಗಿ ಬಾ" ಎಂದು ದುರ್ಗಿಗುಡಿಯಲ್ಲೇ ಇರುವ ನನ್ನ ಓರಗಿತ್ತಿ ಹೆಸರು ಬರೆಸಿಯೇಬಿಟ್ಟಳು. ನಮ್ಮ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ.

ಬಸ್ಸು ಹತ್ತಿದ ಮೇಲೇ ಗೊತ್ತಾದದ್ದು, ಬಂದವರೆಲ್ಲ ಗಂಡ ಹೆಂಡತಿ. ನನ್ನ ಪಕ್ಕದ ಸೀಟಿನಲ್ಲಿ ಚಕ್ಕುಲಿ ಡಬ್ಬ, ನೀರಿನ ಕ್ಯಾನು. ಎಲ್ಲರೂ ಒಳ್ಳೆಯವರೇ. ಫೋಟೋ ತೆಗೆಯಿರಿ ಎಂದು ಫೋನು ನನ್ನ ಕೈಗೇ ಕೊಡುತ್ತಿದ್ದರು. ಹಾಗಾಗಿ ಯಾವ ಫೋಟೋದಲ್ಲೂ ನಾನಿಲ್ಲ.

ಬಳಗದ ಮುಂದಾಳು ರುದ್ರಪ್ಪನವರದು ದೊಡ್ಡ ಗಂಟಲು. "ನಮ್ಮ ಜೋಗದ ಮುಂದೆ ಇದ್ಯಾವ ಗುಂಡಿ ಮಾರಾಯ್ರೇ! ಹೆದರೋರು ಬಸ್ಸಲ್ಲೇ ಕೂತು ಚಕ್ಕುಲಿ ತಿನ್ನಿ" ಎಂದು ದಾರಿಯುದ್ದಕ್ಕೂ ಎಲ್ಲರ ಕಾಲೆಳೆದರು.

ಗುಹೆಯ ಗೈಡಿಗೆ ತೆಲುಗು ಬಿಟ್ಟು ಬೇರೆ ಬಾರದು. ನಾನು ಬೆಳೆದದ್ದು ಭದ್ರಾವತಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಪಕ್ಕದ ಮನೆಯ ತೆಲುಗು ಅಜ್ಜಿಯ ಸೆರಗು ಹಿಡಿದುಕೊಂಡು. ನನಗೆ ತೆಲುಗು ಬರುತ್ತೆ ಎಂದೆ. "ಹಾಗಾದ್ರೆ ವಿಮಲಕ್ಕ, ನೀವು ಮುಂದೆ ಬನ್ನಿ" ಎಂದು ರುದ್ರಪ್ಪನವರು ಕರೆದರು. ಹೊರಟಾಗಿನಿಂದ ಮೊದಲ ಸಲ ನಾನು ಯಾರಿಗೋ ಬೇಕಾಗಿದ್ದೆ. ಆ ಸಂಭ್ರಮಕ್ಕೆ, ಗೈಡ್ ಒಂದು ಮಾತು ಹೇಳಿದರೆ ನಾನು ನಾಲ್ಕು ಸೇರಿಸಿ ಹೇಳುತ್ತಿದ್ದೆ.

ಬೆವರು ಸುರಿಸುತ್ತಾ ಒಳಒಳಗೆ ಹೋದೆವು. ನೀರು ಕೊರೆದ ಸುಣ್ಣದಕಲ್ಲಿನ ದಾರಿಗಳು. ಮೇಲಿನಿಂದ ಹಸುವಿನ ಕೆಚ್ಚಲಿನಂತೆ ಇಳಿಬಿದ್ದ ಕಲ್ಲುಗಳು. ಒಂದು ಅಗಲವಾದ ಜಾಗದಲ್ಲಿ ಗೈಡ್ ನಿಲ್ಲಿಸಿ, ಒಂದೇ ನಿಮಿಷ ದೀಪ ಆರಿಸುತ್ತೇವೆ, ಹೆದರಬೇಡಿ, ಪಕ್ಕದವರ ಕೈ ಹಿಡಿದುಕೊಳ್ಳಿ ಎಂದ. ನಾನಿನ್ನೂ ಹಿಂದಿನ ಕಲ್ಲಿನ ಕಥೆಯಲ್ಲೇ ಇದ್ದೆ. ಇದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ದೀಪ ಹೋಯಿತು.

ಕಣ್ಣು ಬಿಟ್ಟರೂ ಅದೇ, ಮುಚ್ಚಿದರೂ ಅದೇ, ಅಂಥ ಕತ್ತಲು. "ಅಯ್ಯೋ, ಕರೆಂಟ್ ಹೋಯ್ತು!" ಎಂದು ಹಿಂದೆ ಯಾರೋ ಕೂಗಿದರು. ಅಷ್ಟರಲ್ಲಿ ಒಂದು ಕೈ ತಡಕಾಡಿ ಬಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು.

"ಸರೋಜಾ, ಕೈ ಬಿಡ್ಬೇಡ ಕಣೇ. ಉಸಿರು ಕಟ್ತಾ ಇದೆ" ಎಂದು ಕಿವಿಯ ಬಳಿ ಪಿಸುದನಿ.

ರುದ್ರಪ್ಪನವರು! ಅವರ ಹೆಂಡತಿ ಸರೋಜಕ್ಕ ಹಿಂದೆಲ್ಲೋ ಉಳಿದಿದ್ದರು.

ಒಂದೇ ನಿಮಿಷ, ಹೆದರಬೇಡಿ ಎಂದು ನಾನು ಕೂಗಿ ಹೇಳಬೇಕಿತ್ತು. ಆದರೆ ಬಾಯಿ ಬಿಟ್ಟರೆ ಹಿಡಿದದ್ದು ಯಾರ ಕೈಯೆಂದು ಅವರಿಗೆ ತಿಳಿದುಬಿಡುತ್ತಿತ್ತು. ಸುಮ್ಮನೆ ಆ ಕೈಯನ್ನು ಮೆಲ್ಲಗೆ ಅದುಮಿದೆ. ಅವರ ಉಸಿರು ನಿಧಾನಕ್ಕೆ ಹತೋಟಿಗೆ ಬಂತು.

ದೀಪ ಬಂತು. ಅವರು ಕೈ ನೋಡಿದರು, ನನ್ನ ಮುಖ ನೋಡಿದರು, ಬೆಂಕಿ ಮುಟ್ಟಿದವರಂತೆ ಬಿಟ್ಟರು.

"ಏನ್ರೀ, ನನ್ನನ್ನ ಬಿಟ್ಟು ಮುಂದೆ ಓಡಿಬಿಟ್ರಲ್ಲ! ಹೆದ್ರಿದ್ರಾ?" ಎಂದು ಸರೋಜಕ್ಕ ಹಿಂದಿನಿಂದ ಕೂಗಿದರು.

"ಯಾರು, ನಾನಾ?" ಎಂದರು. ದನಿ ಏಳಲಿಲ್ಲ.

ವಾಪಸು ಬರುವಾಗ ಟೀ ಕುಡಿಯಲು ಬಸ್ಸು ನಿಂತಿತ್ತು. ರುದ್ರಪ್ಪನವರು ನನ್ನ ಹತ್ತಿರ ಬಂದು, ತಲೆ ಎತ್ತದೆ, "ವಿಮಲಕ್ಕ, ಆ ಕತ್ತಲಲ್ಲಿ ನೀವು ಮಾತಾಡ್ಲಿಲ್ಲ. ನನ್ನ ಮರ್ಯಾದೆ ಉಳೀತು" ಎಂದರು. ಇರಲಿ ಬಿಡಿ ಎಂದೆ.

ಅವರ ಮರ್ಯಾದೆಗಾಗಿ ಸುಮ್ಮನಿದ್ದೆ ಎಂಬುದು ಅರ್ಧ ನಿಜ. ಉಳಿದರ್ಧವನ್ನು ಯಾರಿಗೂ ಹೇಳಿರಲಿಲ್ಲ. ಆರು ವರ್ಷದ ಮೇಲೆ ಒಬ್ಬರು ನನ್ನ ಕೈ ಹಿಡಿದು ಬಿಡಬೇಡ ಎಂದಿದ್ದರು. ಕರೆದ ಹೆಸರು ನನ್ನದಲ್ಲ, ಗೊತ್ತು. ಆದರೂ ದೀಪ ಇನ್ನೊಂದು ಗಳಿಗೆ ತಡವಾಗಿ ಬರಲಿ ಎಂದು ಆ ಕತ್ತಲಲ್ಲಿ ಬಯಸಿದವಳು ನಾನೊಬ್ಬಳೇ.