ಜರ್ಮನ್ ನಟ ನುಂಗಿದ ನಮ್ಮ ನಾಟಕ

ಆಗ ನೈರೋಬಿಯ ಕನ್ನಡದವರೆಲ್ಲ ಸೇರಿದರೂ ಒಂದು ಸಭಾಂಗಣ ತುಂಬುತ್ತಿರಲಿಲ್ಲ. ಆದರೆ ರಾಜ್ಯೋತ್ಸವ ಬಂತೆಂದರೆ ಹೈರಿಡ್ಜ್ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಳಗೆ ಬಿಸಿಬೇಳೆಬಾತಿನ ಪುಡಿ ಹುರಿಯುವ ಘಾಟು, ಹೊರಗಿನ ಕೋಣೆಯಲ್ಲಿ ಮಕ್ಕಳ ನಾಟಕದ ತಾಲೀಮು. ಕೆಮ್ಮುತ್ತಲೇ ಮಾತು ಒಪ್ಪಿಸುತ್ತಿದ್ದೆವು.

ಮೊನ್ನೆ ಲೋಥಾರ್ ಗ್ರೀಬನ್ ಎಂಬ ಜರ್ಮನ್ ನಟ ತೀರಿಕೊಂಡನಂತೆ. ನಮ್ಮ ಕನ್ನಡ ಕೂಟದ ವಾಟ್ಸ್ಯಾಪಿನಲ್ಲಿ ‘ನಮ್ಮ ಆತ್ಮೀಯ ಕಲಾವಿದ’ ಎಂದು ಎಲ್ಲರೂ ಕಣ್ಣೀರು ಸುರಿಸಿದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಆತ ಬದುಕಿದ್ದಾಗ ಆಡಲು ಯಾರೂ ಬಿಡಲಿಲ್ಲ.

ನನಗಾಗ ಹತ್ತು ವರ್ಷ. ಅಮ್ಮನ ಬಾಣಂತನಕ್ಕೆಂದು ಮೈಸೂರಿನಿಂದ ಅಜ್ಜಿ ಬಂದಿದ್ದರು. ಇಲ್ಲಿ ಬೆಳೆದ ಎಲ್ಲ ಮಕ್ಕಳ ಹಾಗೆ ನನಗೂ ಕನ್ನಡ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಇಂಗ್ಲಿಷು. “ಸ್ವಂತ ಮೊಮ್ಮಗಳ ಹತ್ರ ಮಾತಾಡೋಕೆ ನಂಗೆ ದುಭಾಷಿ ಬೇಕೇನೇ?” ಎಂದು ಅಜ್ಜಿ ಅಮ್ಮನಿಗೆ ಬಯ್ಯುತ್ತಿದ್ದರು.

ಅಷ್ಟರಲ್ಲಿ ನಾಟಕದಲ್ಲಿ ಮುಖ್ಯ ಪಾತ್ರ ನನಗೇ ಬಂತು. ಮಡಕೆ ಮಾರುವ ಹುಡುಗಿಯೊಬ್ಬಳು ತುಂಬಿದ ಸಭೆಯಲ್ಲಿ ರಾಜನಿಗೇ ಬುದ್ಧಿ ಹೇಳುವ ಕಥೆ. ಅಜ್ಜಿ ಸೆರಗು ಸಿಕ್ಕಿಸಿ ನಿಂತೇಬಿಟ್ಟರು. ಸುಕುಮ ಸೊಪ್ಪು ಸೋಸುತ್ತ, ತಮ್ಮನಿಗೆ ಎಣ್ಣೆ ತಿಕ್ಕುತ್ತ, ನನ್ನ ಬಾಯಲ್ಲಿ ಕನ್ನಡ ಹಾಕಿದರು.

“ಗಂಟಲಿಂದ ಅಲ್ವೇ ಪುಟ್ಟಿ, ಹೊಟ್ಟೆಯಿಂದ ಬರ್ಬೇಕು ಮಾತು. ರಾಜ ಬೆಚ್ಚಿಬೀಳ್ಬೇಕು!”

“ಅಜ್ಜಿ, ಐ ಕಾಂಟ್...”

“ಕಾಂಟೂ ಇಲ್ಲ, ಗೀಂಟೂ ಇಲ್ಲ. ಹೇಳು.”

ಹೇಳಿದೆ. ಹೇಳುತ್ತ ಹೇಳುತ್ತ ಒಂದು ದಿನ ಊಟ ಬೇಕು ಅನ್ನುವುದನ್ನೂ ಕನ್ನಡದಲ್ಲೇ ಕೇಳಿದೆ. ಅಜ್ಜಿ ತುಪ್ಪ ಬಡಿಸುವ ಚಮಚ ಹಿಡಿದು ಹಾಗೆಯೇ ನಿಂತರು. ರಾಜ್ಯೋತ್ಸವದ ಮರುದಿನ ಬೆಳಿಗ್ಗೆ ಅವರ ವಿಮಾನ. ನನ್ನ ನಾಟಕ ನೋಡಿಯೇ ಹೊರಡುವುದೆಂದು ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿಕೊಂಡಿದ್ದರು.

ಇಂಥ ಸಮಯಕ್ಕೆ ಕೂಟದ ಅಧ್ಯಕ್ಷರಾದ ನಾಗರಾಜ್ ಅಂಕಲ್‌ಗೆ ಯಾವುದೋ ಪಾರ್ಟಿಯಲ್ಲಿ ಗ್ರೀಬನ್ ಸಿಕ್ಕಿದ.

“ದೊಡ್ಡ ಆರ್ಟಿಸ್ಟ್ ಮೇಡಂ! ಜರ್ಮನಿಲಿ ಸ್ಟೇಜು, ಸಿನಿಮಾ, ಟೀವಿ, ಎಲ್ಲಾ ಮಾಡಿದ್ದಾರೆ. ಈ ಸಲ ಅವರಿಗೇ ಸನ್ಮಾನ.”

“ನೀವು ಅವರದ್ದು ಒಂದಾದ್ರೂ ನೋಡಿದೀರಾ?” ಎಂದರು ಅಮ್ಮ.

“ಅಯ್ಯೋ, ಜರ್ಮನ್ ಸಿನಿಮಾ ನಮಗೆಲ್ಲಿ ಸಿಗತ್ತೆ?”

ಬಿಳಿ ತೊಗಲು ಕಂಡರೆ ನಮ್ಮವರಿಗೆ ಬೆನ್ನು ತಾನಾಗಿ ಬಾಗುತ್ತದೆ. ಜೊತೆಗೆ ಸನ್ಮಾನ ಮೊದಲು, ಮಕ್ಕಳ ಕಾರ್ಯಕ್ರಮ ಕೊನೆಗೆ ಎಂಬ ಹಾಳು ಪದ್ಧತಿ ಬೇರೆ. ರಾಜ್ಯೋತ್ಸವದ ಸಂಜೆ ಬಾಡಿಗೆಯ ಸಭಾಂಗಣದಲ್ಲಿ ಆತನಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, “ಎರಡು ಮಾತಾಡಿ” ಎಂದರು. ನಮ್ಮ ಕಡೆಯ ಭಾಷಣಕಾರನಾದರೆ ಒಂದು ಚೀಟಿ ಕಳಿಸಿ ಕೂರಿಸಬಹುದಿತ್ತು. ಈತನೋ, ತನ್ನ ಇಡೀ ಬದುಕನ್ನು ಬಿಚ್ಚಿದ.

ಸಣ್ಣ ಊರಿನ ರಂಗಮಂದಿರದಲ್ಲಿ ಈಟಿ ಹಿಡಿದು ನಿಲ್ಲುವ ಸೈನಿಕನಾಗಿ ಶುರುಮಾಡಿದನಂತೆ. ಆಮೇಲೆ ದೊಡ್ಡ ಊರಿಗೆ ಹೋಗಿ ಕುಡುಕನಾದ, ಕೊಲೆಗಾರನಾದ, ಮುದಿ ದೊರೆಯಾದ. ಸಿನಿಮಾದಲ್ಲಿ ಬಾಗಿಲು ತಟ್ಟುವ ಪೊಲೀಸನಾದ. ಟೀವಿ ಧಾರಾವಾಹಿಯಲ್ಲಿ ಹಳ್ಳಿ ವೈದ್ಯನಾಗಿ ಮನೆಮಾತಾದ, ಕಥೆ ಬರೆಯುವವರು ಆ ವೈದ್ಯನನ್ನು ಸಾಯಿಸಿಬಿಟ್ಟರು. ಕೊನೆಗೆ ಸಿಂಹದ ಬಾಯಿಗೆ ಬೀಳುವ ಬೇಟೆಗಾರನ ಪಾತ್ರಕ್ಕೆಂದು ಕೀನ್ಯಾಕ್ಕೆ ಬಂದವನು ಇಲ್ಲೇ ಉಳಿದ. ಆ ಸಿಂಹ ತನ್ನ ಕೆಲಸ ಸರಿಯಾಗಿ ಮಾಡಿದ್ದರೆ ನಮಗೆ ಆ ಪಾಡು ಬರುತ್ತಿರಲಿಲ್ಲ.

ಹೇಳಿದ್ದು ಸಾಲದೆಂದು ಆಡಿಯೂ ತೋರಿಸಿದ. ಎದೆ ಹಿಡಿದು ವೇದಿಕೆಯ ಮೇಲೆ ಬಿದ್ದು ಸತ್ತ. ನಮ್ಮವರು ಚಪ್ಪಾಳೆ ತಟ್ಟಿದರು. ಎದ್ದ, ಪೇಟ ಸರಿಮಾಡಿಕೊಂಡ, ವಿಷ ಕುಡಿದು ಮತ್ತೆ ಸತ್ತ. ಮತ್ತೆ ಚಪ್ಪಾಳೆ. ಚೆನ್ನಾಗಿಯೇ ಸಾಯುತ್ತಿದ್ದ, ಅದನ್ನು ಇಲ್ಲ ಅನ್ನಲಾರೆ. ಸತ್ತವನು ಏಳದೇ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಪರದೆಯ ಪಕ್ಕದಲ್ಲಿ ನಾವು ಬಣ್ಣ ಹಚ್ಚಿಕೊಂಡು ನಿಂತಿದ್ದೆವು. ರಾಜನ ಮೀಸೆ ಬೆವರಿಗೆ ಕಿತ್ತುಬರುತ್ತಿತ್ತು.

ಆಗ ಮೂರನೆಯ ಸಾಲಿನಲ್ಲಿ ಅಜ್ಜಿ ಎದ್ದು ನಿಂತರು.

“ಸಾಕು ಇಳಿಯಪ್ಪಾ ಮಾರಾಯ! ಮಕ್ಳು ಕಾಯ್ತಾ ಇದಾವೆ!”

ವೃದ್ಧೆಯೊಬ್ಬರು ತನ್ನನ್ನು ಹರಸುತ್ತಿದ್ದಾರೆಂದು ತಿಳಿದ ಮಹಾಶಯ ಕೈಮುಗಿದು ಬಾಗಿ, ಮುಂದಿನ ಸಾವಿಗೆ ತಯಾರಾದ. ನಾಗರಾಜ್ ಅಂಕಲ್ ಓಡಿಬಂದು, “ಅಮ್ಮಾ, ಗೆಸ್ಟು ಅಮ್ಮಾ, ದಯವಿಟ್ಟು ಕೂತ್ಕೊಳಿ” ಎಂದು ಅಜ್ಜಿಯ ಭುಜ ಹಿಡಿದು ಕೂರಿಸಿದರು. ಕೂರಿಸಬೇಕಾಗಿದ್ದು ಯಾರನ್ನು!

ಕೊನೆಗೂ ಆತ ನಿಲ್ಲಿಸಿದಾಗ ಸಭಾಂಗಣ ನೋಡಿಕೊಳ್ಳುವವನು ಬೀಗದ ಗೊಂಚಲು ಕುಲುಕುತ್ತ ಬಂದಿದ್ದ. “ಬಾಸಿ, ಕ್ವಿಶಾ,” ಎಂದ. ಆಯ್ತು, ಮುಗೀತು. ಮುಂದಿನ ಬುಕಿಂಗ್ ಯಾರದೋ ಮದುವೆ ಆರತಕ್ಷತೆಯದು. ಹೂವಿನವರು ಆಗಲೇ ಒಳಗೆ ನುಗ್ಗುತ್ತಿದ್ದರು.

“ಬೇಜಾರ್ ಮಾಡ್ಕೋಬೇಡಿ ಮಕ್ಳೇ, ನೆಕ್ಸ್ಟ್ ಇಯರ್ ನಿಮ್ದೇ ಫಸ್ಟ್ ಐಟಂ,” ಎಂದರು ಅಧ್ಯಕ್ಷರು. ಅಳುತ್ತ ನಿಂತಿದ್ದ ನನ್ನ ಕೆನ್ನೆ ತಟ್ಟಿ ಗ್ರೀಬನ್, ರಂಗಭೂಮಿಗೆ ತಾಳ್ಮೆ ಬೇಕು ಮಗು ಎಂದು ಇಂಗ್ಲಿಷಿನಲ್ಲಿ ಉಪದೇಶ ಮಾಡಿದ. ಬೆರಳಿಗಂಟಿದ ನನ್ನ ಬಣ್ಣವನ್ನು ಶಾಲಿಗೆ ಒರೆಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಅಜ್ಜಿ ಹೊರಟರು. “ಬರೋ ವರ್ಷ ಬರ್ತೀನಲ್ಲೇ ಪುಟ್ಟಿ, ಮುಂದಿನ ಸಾಲಲ್ಲೇ ಕೂತ್ಕೋತೀನಿ” ಎಂದರು. ಬರಲಿಲ್ಲ. ಯುಗಾದಿಗೆ ಮೊದಲೇ ಹೃದಯಾಘಾತವಾಗಿ ಹೋಗಿಬಿಟ್ಟರು.

ಅಜ್ಜಿಯ ವೈಕುಂಠ ಸಮಾರಾಧನೆಗೆ ಮೈಸೂರಿಗೆ ಹೋಗಿದ್ದಾಗ ಪಕ್ಕದ ಮನೆಯ ಪದ್ಮಮ್ಮ ನನ್ನ ಗಲ್ಲ ಹಿಡಿದು ಎತ್ತಿದರು.

“ನೀನೇ ಅಲ್ವೇನೇ ಮಡಕೆ ಮಾರೋ ಹುಡುಗಿ? ರಾಜನ್ನ ಎದುರು ಹಾಕ್ಕೊಂಡು ಗುಡುಗಿದ್ಯಂತೆ, ಇಡೀ ಸಭೆ ಎದ್ದು ನಿಂತ್ಕೊಂಡ್ತಂತೆ! ಕಣ್ಣಾರೆ ನೋಡ್ದೆ ಕಣೇ ಪದ್ಮಾ ಅಂತ ನಿಮ್ಮಜ್ಜಿ ಹೇಳಿದ್ದೇ ಹೇಳಿದ್ದು.”

ನಾನು ಹೌದು ಎಂದೆ.

ಈಗ ನನ್ನ ಮಗಳು ವೇದಿಕೆಯ ಮೇಲೆ ಸೀನಿದರೂ ಹತ್ತು ಫೋನುಗಳು ಹಿಡಿದಿಡುತ್ತವೆ, ಮೈಸೂರಿಗೆ ಮರಳಿರುವ ಅವಳ ಅಜ್ಜಿ, ಅಂದರೆ ನನ್ನ ಅಮ್ಮ, ಅದನ್ನು ಕೂತಲ್ಲೇ ನೋಡುತ್ತಾರೆ. ನನಗಿದ್ದದ್ದು ಒಂದು ಸಂಜೆ, ಒಬ್ಬರೇ ಅಜ್ಜಿ. ಹಾಲಿನವನ ಹತ್ತಿರವೂ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ಸಾಯುವ ಮೊದಲು ನನಗಾಗಿ ಬೀದಿ ತುಂಬ ಸುಳ್ಳು ಹೇಳಿಕೊಂಡು ಓಡಾಡಿದರು. ಅಜ್ಜಿ ನಿಜವನ್ನೇ ಹೇಳುವಂತಾಗಲು ಆ ಮನುಷ್ಯ ಹೊತ್ತಿಗೆ ಸರಿಯಾಗಿ ವೇದಿಕೆ ಇಳಿದಿದ್ದರೆ ಸಾಕಿತ್ತು.