ಅಡುಗೆಮನೆಗೂ ಬಂದ್

ಕಥೆ ಬರೆಯಲು ಸ್ಫೂರ್ತಿ ಬೇಕು ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬೇಕಾದದ್ದು ಒಂದು ಕುರ್ಚಿ, ಮತ್ತು ಅದರಿಂದ ಯಾರೂ ಎಬ್ಬಿಸದ ಒಂದಿಷ್ಟು ಹೊತ್ತು. ಕಲ್ಕತ್ತೆಯ ನಮ್ಮ ಮನೆಯಲ್ಲಿ ಕುರ್ಚಿಯೇನೋ ಇತ್ತು.

ನಾನೂ ನನ್ನ ಗಂಡನೂ ಬ್ಯಾಂಕಿನವರು. ಮಂಗಳೂರಿನಿಂದ ವರ್ಗವಾಗಿ ಬಂದು ಸಾಲ್ಟ್ ಲೇಕಿನ ಬ್ಯಾಂಕ್ ಕ್ವಾರ್ಟರ್ಸ್‌ನಲ್ಲಿದ್ದೆವು. ಎಡರಂಗದ ಸರಕಾರ ಆ ಊರಿಗೆ ಆಗಲೇ ಅಭ್ಯಾಸವಾಗಿತ್ತು. ಬೆಳಿಗ್ಗೆ ಕುಕ್ಕರ್ ಕೂಗುವ ಮೊದಲು ನಾಲ್ಕು ಸಾಲು, ಬ್ಯಾಂಕಿಗೆ ಹೋಗಲು ಎಸ್ಪ್ಲನೇಡಿನ ಬಸ್ಸಿಗೆ ಕಾಯುವಾಗ ತಲೆಯಲ್ಲೇ ಎರಡು, ಸಂಜೆ ಕರೆಂಟು ಹೋಗುವುದರೊಳಗೆ ಸಿಕ್ಕಿದಷ್ಟು. ಹೀಗೆ ಬರೆಯುತ್ತಿದ್ದೆ.

ಬೆಂಗಳೂರಿನ ವಾರಪತ್ರಿಕೆಯೊಂದರ ಸಂಪಾದಕರು ನನ್ನ ಕಥೆಯನ್ನು ಹಿಂದಿರುಗಿಸಿ, ಅಂಚಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು: "ನಿಮ್ಮ ಕಥೆಗಳಲ್ಲಿ ಯಾರೂ ಮಾತು ಮುಗಿಸುವುದಿಲ್ಲ, ಮಧ್ಯದಲ್ಲೇ ಎದ್ದು ಹೋಗುತ್ತಾರೆ. ಯಾಕೆ?" ಸಿಟ್ಟು ಬಂತು. ಹಳೆಯ ಕಥೆಗಳನ್ನೆಲ್ಲ ತೆಗೆದು ನೋಡಿದೆ. ನಿಜವೇ. ಒಬ್ಬಳು ಹಾಲು ಇಳಿಸಲು ಎದ್ದಿದ್ದಾಳೆ, ಇನ್ನೊಬ್ಬಳು ಬಾಗಿಲು ತೆರೆಯಲು, ಮತ್ತೊಬ್ಬಳು ಸುಮ್ಮನೆ. ನನ್ನನ್ನು ಎಬ್ಬಿಸಿದಲ್ಲೆಲ್ಲ ಅವರೂ ಎದ್ದಿದ್ದರು. ಹೇಳದೆ ಬಿಡುವುದೇ ನನ್ನ ಶೈಲಿ ಎಂದು ನಾನು ಬೀಗಿಕೊಂಡಿದ್ದೆ!

ವಾಪಸು ಬಂದ ಕಥೆ ಒಂದು ಗಂಡ ಹೆಂಡತಿಯದು. ಹೌರಾದಲ್ಲಿ ನದಿ ದಾಟುವ ಫೆರಿಯ ಘಾಟಿನ ಬೆಂಚಿನಲ್ಲಿ ಕೂತು ಹೆಂಡತಿ ಮೊದಲ ಸಲ ಮನಸ್ಸಿನಲ್ಲಿದ್ದದ್ದನ್ನು ಹೇಳತೊಡಗುತ್ತಾಳೆ. ಅಷ್ಟರಲ್ಲಿ ಫೆರಿ ಬಂತೆಂದು ಎದ್ದುಬಿಡುತ್ತಾಳೆ. ಅವಳನ್ನು ಕೂರಿಸಬೇಕಿತ್ತು. ಅದಕ್ಕೆ ಮೊದಲು ನಾನು ಕೂರಬೇಕಿತ್ತು.

ಅದೇ ವಾರ ಒಂದು ಬಂದ್ ಬಂತು. ಬಸ್ಸಿಲ್ಲ, ಬ್ಯಾಂಕಿಲ್ಲ. ಬಂದ್ ಎಂದರೆ ಕ್ವಾರ್ಟರ್ಸ್‌ನ ಕನ್ನಡದ ಗಂಡಸರೆಲ್ಲ ನಮ್ಮ ಮನೆಯಲ್ಲಿ ಇಸ್ಪೀಟಿಗೆ ಕೂರುವ ದಿನ. ಗೋಳಿಬಜೆ, ಚಾ, ಮತ್ತೆ ಚಾ. ರಜೆ ನನಗೂ ಇತ್ತು, ಒಲೆಯ ಮುಂದೆ. ಕೆಲಸ ನಿಲ್ಲಿಸುವುದು ದುಡಿಯುವವರ ಹಕ್ಕು ಎಂದು ಇವರೆಲ್ಲ ಚರ್ಚೆ ಮಾಡುತ್ತಿದ್ದದ್ದು ನಾನು ಮಾಡಿಕೊಟ್ಟ ಚಾ ಕುಡಿಯುತ್ತ.

ಆ ದಿನ ತಿಂಡಿಯ ಪಾತ್ರೆ ತೊಳೆದಿಟ್ಟು, ಅಡುಗೆಮನೆಯ ಚಿಲಕ ಹಾಕಿ, ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತೆ.

"ಮಾರಾಯ್ತಿ, ಒಂದು ನಾಲ್ಕು ಚಾ ಆಗ್ಲಿ," ಎಂದರು ನನ್ನ ಗಂಡ, ಇಸ್ಪೀಟಿನ ಎಲೆ ಹಂಚುತ್ತ.

"ಇವತ್ತು ಬಂದ್."

"ಗೊತ್ತುಂಟಲ್ಲ. ಅದಕ್ಕೇ ಅಲ್ವಾ ಇವರೆಲ್ಲ ಬಂದದ್ದು!"

"ಅಡುಗೆಮನೆಗೂ ಬಂದ್. ಸಂಜೆವರೆಗೆ."

ಎಲೆ ಹಂಚುವ ಸದ್ದು ನಿಂತಿತು. ಯೂನಿಯನ್ನಿನಲ್ಲಿ ಓಡಾಡುತ್ತಿದ್ದ ಪಕ್ಕದ ಮನೆಯವರು ನಕ್ಕರು. "ನೋಟಿಸ್ ಕೊಡದೆ ಹಾಗೆಲ್ಲ ಮಾಡ್ಲಿಕ್ಕೆ ಆಗುದಿಲ್ಲ ಮೇಡಂ."

"ಮದುವೆಯಾದಂದಿನಿಂದ ಕೊಡ್ತಾ ಇದ್ದೇನೆ," ಎಂದೆ ತಲೆಯೆತ್ತದೆ. "ಯಾರೂ ಓದ್ಲಿಲ್ಲ."

ನನ್ನ ಗಂಡ ತಾವೇ ಎದ್ದು ಚಿಲಕ ತೆಗೆದು ಒಳಗೆ ಹೋದರು. ಡಬ್ಬಗಳು ದಡಬಡ ಎಂದವು.

"ಸಕ್ಕರೆ ಎಲ್ಲುಂಟು?"

ಕಾಲುಗಳು ತಾವಾಗಿಯೇ ಎದ್ದು ನಿಲ್ಲಲು ಹೊರಟವು, ಹಾಳಾದವು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. "ಹುಡುಕಿ," ಎಂದೆ.

ಹಾಳೆಯ ಮೇಲೆ, ಹೌರಾದಲ್ಲಿ, ಫೆರಿ ಬಂತು, ಜನ ಇಳಿದರು, ಹತ್ತಿದರು, ಫೆರಿ ಹೋಯಿತು. ನನ್ನ ಕಥೆಯ ಹೆಂಗಸು ಬೆಂಚು ಬಿಟ್ಟು ಅಲ್ಲಾಡಲಿಲ್ಲ. ಇಷ್ಟು ವರ್ಷ ನುಂಗಿದ್ದನ್ನೆಲ್ಲ ಕೊನೆಯವರೆಗೆ ಹೇಳಿದಳು. ನನಗೆ ಅಳು ಬಂತು, ಅತ್ತುಕೊಂಡೇ ಬರೆದೆ.

ಕಥೆ ಅಚ್ಚಾಯಿತು. ಓದುಗರೊಬ್ಬರು ಪತ್ರಿಕೆಗೆ ಬರೆದರು: "ಫೆರಿ ಹೋದರೂ ಕೂತೇ ಇದ್ದಾಳಲ್ಲ, ಆ ಹೆಂಗಸಿಗೆ ಮನೆಯಲ್ಲಿ ಕೆಲಸವಿಲ್ಲವೇ?" ನನ್ನ ಗಂಡ ಅದನ್ನು ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದರು.

"ಬೇಕಾದಷ್ಟು ಉಂಟು," ಎಂದೆ. "ಅವಳು ಏಳ್ಲಿಲ್ಲ, ಅಷ್ಟೆ."