ಜೋಪಾನ ಮಾಡಿದ ಗಂಟಲು

ಗಂಟಲಿನ ವಿಷಯದಲ್ಲಿ ನಾನು ಜಂಬದವಳು. ಅರವತ್ತು ಹತ್ತಿರ ಬಂದರೂ ಮೇಲಿನ ಪಂಚಮ ಸಲೀಸಾಗಿ ಮುಟ್ಟುತ್ತೇನೆ ಎಂದು ಪಾಠಕ್ಕೆ ಬರುವ ಹುಡುಗಿಯರ ಮುಂದೆ ಹೇಳಿಕೊಳ್ಳದ ದಿನವಿಲ್ಲ. ಹೇಳಿಕೊಂಡ ಮೇಲೆ ಉಪದೇಶವೂ ಇರುತ್ತದೆ. ಎದ್ದ ತಕ್ಷಣ ಬಿಸಿನೀರು ಕುಡಿಯಬೇಕು, ಬೆಳಕು ಹರಿಯುವ ಮೊದಲೇ ಅರ್ಧ ಗಂಟೆ ತೀರ ಕೆಳಗಿನ ಸ್ವರಗಳನ್ನು ನಿಧಾನವಾಗಿ ಹಿಡಿಯಬೇಕು. ಐಸ್‌ಕ್ರೀಮ್ ಕಡೆ ತಲೆ ಹಾಕಬಾರದು. ಮದುವೆ ಮನೆಯಲ್ಲಿ ವಾಲಗದ ಪಕ್ಕ ಕೂತು ಹರಟೆ ಹೊಡೆಯಬಾರದು. ಎಲ್ಲಕ್ಕಿಂತ ಮುಖ್ಯ, ಕೂಗಬಾರದು. ಬೋಗಾದಿಯ ನಮ್ಮ ಮನೆಯಲ್ಲಿ ಯಾರನ್ನಾದರೂ ಕರೆಯಬೇಕಾದರೆ ನಾನು ಚಪ್ಪಾಳೆ ತಟ್ಟುತ್ತೇನೆ. ಹುಡುಗಿಯರು ಬೆನ್ನ ಹಿಂದೆ ನಗುತ್ತಾರೆಂದು ಗೊತ್ತು. ನಗಲಿ.

ಈ ಕಟ್ಟುನಿಟ್ಟು ಶುರುವಾದದ್ದು ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ. ಅಕ್ಕನಿಗೆ ಹದಿನಾಲ್ಕು. ಇಬ್ಬರಿಗೂ ಪಾಠ ಹೇಳುತ್ತಿದ್ದ ಸಂಗೀತದ ಮೇಷ್ಟ್ರು ಒಂದು ಸಂಜೆ ಕಾಫಿ ಕುಡಿಯುತ್ತಾ ಅಮ್ಮನಿಗೆ, "ಚಿಕ್ಕವಳ ಶಾರೀರ ಚೆನ್ನಾಗಿದೆ ಕಣ್ರಮ್ಮ, ಜೋಪಾನ ಮಾಡಿ" ಅಂದರು. ದೊಡ್ಡವಳ ಬಗ್ಗೆ ಏನೂ ಹೇಳಲಿಲ್ಲ. ಚೆನ್ನಾಗಿಲ್ಲ ಅಂತಲೂ ಹೇಳಲಿಲ್ಲ. ಲೋಟ ಕೆಳಗಿಟ್ಟು ಹೊರಟರು.

ಅಂದಿನಿಂದ ನನ್ನ ಗಂಟಲಿಗೆ ರಾಜೋಪಚಾರ. ಅಮ್ಮ ದೇವರಾಜ ಮಾರುಕಟ್ಟೆಯಿಂದ ಜ್ಯೇಷ್ಠಮಧು, ಕಲ್ಲುಸಕ್ಕರೆ ತಂದು ನನಗೆಂದೇ ಬೇರೆ ಡಬ್ಬಿಯಲ್ಲಿ ಇಡುತ್ತಿದ್ದಳು. ಅಕ್ಕ ತಾನಾಗಿ ವಹಿಸಿಕೊಂಡ ಕೆಲಸ ಕೂಗುವುದು. ಬೀದಿ ನಲ್ಲಿಯಲ್ಲಿ ಯಾರಾದರೂ ನಮ್ಮ ಕೊಡ ಹಿಂದಕ್ಕೆ ಸರಿಸಿದರೆ, ನಾನು ಬಾಯಿ ತೆರೆಯುವಷ್ಟರಲ್ಲಿ "ನೀನ್ ಸುಮ್ನಿರೇ, ನಾನ್ ನೋಡ್ಕೋತೀನಿ ಬುಡು" ಎಂದು ಮುಂದೆ ನುಗ್ಗುತ್ತಿದ್ದಳು. ಮಾರುಕಟ್ಟೆಯಲ್ಲಿ ನಾನು ಕಣ್ಣಲ್ಲೇ ಬದನೆಕಾಯಿ ತೋರಿಸಿದರೆ ಸಾಕು, ಚೌಕಾಸಿಯೆಲ್ಲ ಅವಳದು. ಆಡಲು ಹೋದ ತಮ್ಮನನ್ನು ಊಟಕ್ಕೆ ಕರೆಯುವವಳು ಅವಳು, ಕಿವಿ ಕೇಳದ ಅಜ್ಜಿಗೆ ದಿನಾ ಪೇಪರ್ ಓದಿ ಹೇಳುವವಳೂ ಅವಳೇ. ನನಗೆ ಹಾಯಾಗಿತ್ತು. ಅಕ್ಕನದು ಬಜಾರಿ ಬಾಯಿ ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು, ಎಲ್ಲರಿಗಿಂತ ಜೋರಾಗಿ ನಾನು.

ಎಸ್ಸೆಸ್ಸೆಲ್ಸಿ ವರ್ಷ ಎಂದು ಅವಳ ಸಂಗೀತದ ಪಾಠ ನಿಲ್ಲಿಸಿದವರು ಮತ್ತೆ ಶುರು ಮಾಡಿಸಲಿಲ್ಲ. ಆದರೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ ಅವಳು ಹಾಡಿಕೊಳ್ಳುತ್ತಿದ್ದಳು. ಒಳಗೆ ನಾನು ತಂಬೂರಿ ಹಿಡಿದು ಕೂತಿದ್ದರೆ ಅವಳ ದನಿ ಹೊರಗಿನಿಂದ ಬಂದು ನನ್ನ ದನಿಯ ಅಡಿಯಲ್ಲಿ ಸೇರಿಕೊಳ್ಳುತ್ತಿತ್ತು. ಗುಂಡಗಿನ, ಬೆಚ್ಚಗಿನ ದನಿ. ಅದು ಕೆಳಗಿದ್ದರೆ ನಾನು ಎಷ್ಟು ಮೇಲೆ ಹೋಗಲೂ ಹೆದರುತ್ತಿರಲಿಲ್ಲ. ನನ್ನ ಹಾಡು ಕ್ಯಾಸೆಟ್ಟಿನಲ್ಲಿದೆ, ಮೊಬೈಲಿನಲ್ಲಿದೆ. ಅವಳದು ಎಲ್ಲೂ ಇಲ್ಲ. ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಈಗ ದಿನಾ ಬೆಳಿಗ್ಗೆ ಸಾಧನೆಗೆ ಕೂತಾಗ ಆ ದನಿ ಬೇಕು ಅನ್ನಿಸುತ್ತದೆ.

ಅಕ್ಕ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿ, ಮಕ್ಕಳ ಗಲಾಟೆಗಿಂತ ಮೇಲೆ ದನಿ ಎತ್ತಿ ರಿಟೈರಾದಳು. ಹೋದ ವರ್ಷ ಒಂದು ದಿನ ಫೋನ್ ಮಾಡಿದಾಗ ನಾನು "ಯಾರು ಮಾತಾಡ್ತಿರೋದು?" ಅಂದುಬಿಟ್ಟೆ. ಅಷ್ಟು ಒಡೆದುಹೋಗಿತ್ತು ದನಿ. ಗಂಟಲಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಒಳಗೆ ದನಿಯ ತಂತುಗಳ ಮೇಲೆ ಗಂಟು ಬೆಳೆದಿದೆ ಎಂದರು ಅವರು. ಮೂರು ವಾರ ಒಂದು ಮಾತೂ ಆಡಕೂಡದು, ಪಿಸುಮಾತಂತೂ ಬೇಡವೇ ಬೇಡ, ಆಮೇಲೆ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಬಹುದು.

"ಹಾಡಬಹುದಾ ಡಾಕ್ಟ್ರೇ?" ನಾನು ಕೇಳಿದೆ.

"ಇವರು ಹಾಡ್ತಾರಾ?"

ನಾನು ಹೌದು ಎಂದೆ. ಅದೇ ಹೊತ್ತಿಗೆ ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, "ಮೊದ್ಲು ಮಾತು ಬರ್ಲಿ" ಎಂದರು.

ಅವಳ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಸುಮ್ಮನಿರುವುದು ಆಗದ ಮಾತೆಂದು ನಮ್ಮ ಮನೆಗೆ ಕರೆತಂದೆ. ಕೈಗೆ ಒಂದು ಸ್ಲೇಟು ಕೊಟ್ಟೆ. ಬಿಸಿನೀರು, ಹಬೆ, ನನ್ನ ಎಲ್ಲ ಶಾಸ್ತ್ರಗಳನ್ನೂ ಅವಳಿಗೆ ಮಾಡಿದೆ. ದಿನಾ ನನ್ನ ಬದಲು ಕೂಗುತ್ತಿದ್ದ ಮನೆಕೆಲಸದವಳು ಆ ವಾರ ಊರಿಗೆ ಹೋಗಿದ್ದಳು, ಅಕ್ಕನ ಬಾಯಿಯೂ ಮುಚ್ಚಿದ್ದರಿಂದ ಕೂಗುವ ಸರದಿ ನನಗೆ ಬಂತು. ಎರಡನೇ ಮಹಡಿಯಿಂದ ಸೊಪ್ಪಿನವಳನ್ನು ನಿಲ್ಲಿಸಬೇಕು, ಎದುರಿಗೆ ಕಟ್ಟುತ್ತಿರುವ ಮನೆಯವರು ನಮ್ಮ ಗೇಟಿಗೇ ಜಲ್ಲಿ ಸುರಿದರೆ ಕೆಲಸದವರಿಗೆ ಹೇಳಬೇಕು, ಅದೂ ಕಾಂಕ್ರೀಟ್ ಮಿಕ್ಸರಿನ ಸದ್ದಿನಲ್ಲಿ. ಚಪ್ಪಾಳೆಗೆ ಯಾರು ತಿರುಗುತ್ತಾರೆ? ಎರಡನೇ ದಿನ ಸಂಜೆ ಪಾಠಕ್ಕೆ ಕೂತಾಗ ಮೇಲಿನ ಷಡ್ಜದಲ್ಲೇ ನನ್ನ ದನಿ ಸೀಳಿತು. ಹುಡುಗಿಯರು ತಲೆ ತಗ್ಗಿಸಿದರು. ಅವರನ್ನು ಬೇಗ ಕಳಿಸಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತೆ. ಎರಡು ದಿನಕ್ಕೆ ನನ್ನ ಗಂಟಲಿಗೆ ಈ ಗತಿ. ಅವಳು ಕೂಗಿದ್ದು ಎಷ್ಟು ವರ್ಷ?

ಹೋಗಿ ಅವಳ ಎದುರು ಕೂತು ಹೇಳಿಯೇಬಿಟ್ಟೆ. "ನನ್ ಬದ್ಲು ಕೂಗೀ ಕೂಗೀ ನಿನ್ ಗಂಟ್ಲು ಹಾಳಾಯ್ತಲ್ಲ ಅಕ್ಕ." ಅವಳು ಬಳಪ ಕೈಗೆ ತೆಗೆದುಕೊಂಡು "ಮೊದ್ಲು ಬಿಸಿನೀರು ಕುಡಿ" ಎಂದು ಬರೆದಳು. ಉಳಿದ ದಿನಗಳಲ್ಲಿ ಸ್ಲೇಟಿನ ಮೇಲೆ ಬಂದದ್ದೆಲ್ಲ ಸಾರಿಗೆ ಉಪ್ಪು ಕಮ್ಮಿ, ಫ್ಯಾನ್ ಆಫ್ ಮಾಡು, ಇಂಥವೇ.

ಮೂರು ವಾರ ಮುಗಿದ ಬೆಳಿಗ್ಗೆ ಡಾಕ್ಟರು ಹತ್ತು ನಿಮಿಷಕ್ಕೆ ಅಪ್ಪಣೆ ಕೊಟ್ಟರು. ಮನೆಗೆ ಬಂದವಳೇ ನಾನು ಶ್ರುತಿಪೆಟ್ಟಿಗೆಯ ಶ್ರುತಿಯನ್ನು ಅವಳಿಗೆ ಸುಲಭವಾಗಲೆಂದು ನನ್ನದಕ್ಕಿಂತ ಬಹಳ ಕೆಳಗೆ ಇಳಿಸಿ ಹಾಕಿದೆ. ಒಂದೇ ಒಂದು ಸ್ವರ ಹಿಡಿದರೂ ಸಾಕಿತ್ತು ನನಗೆ. ಅದನ್ನು ಹೇಳಲು ನಾಚಿಕೆಯಾಗಿ, "ಸುಮ್ನೆ 'ಸ' ಅನ್ನು ಅಕ್ಕ" ಎಂದೆ.

ಅವಳು ಹಾಡಲಿಲ್ಲ. ನೀರು ಗುಟುಕರಿಸಿ, ಮೆಲ್ಲಗೆ, ಒರಟು ಒರಟಾಗಿ ಮಾತಾಡಿದಳು.

"ಅವತ್ತು ಹೇಳಿದ್ಯಲ್ಲ. ಹೌದು ಕಣೆ, ನಿನಗೋಸ್ಕರಾನೇ ಕೂಗಿದ್ದು. ನಂಗೂ ಹಾಡ್ಬೇಕು ಅಂತ ತುಂಬಾ ಇತ್ತು. ಹಾಡ್ತೀಯಾ ಅಂತ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಉಳಿದ ಒಂಬತ್ತು ನಿಮಿಷ ಹಾಗೇ ಕಳೆಯಿತು, ಹಾಡ್ತೀಯಾ ಎಂದು ಆಗಲೂ ನಾನು ಕೇಳಲಿಲ್ಲ. ಶ್ರುತಿಪೆಟ್ಟಿಗೆ ತನ್ನ ಪಾಡಿಗೆ ನುಡಿಯುತ್ತಿತ್ತು.